ಡಯೆಟ್ ಆಮೇಲೆ, ಮೊದಲು ದಿನಸಿ ಚೀಟಿ ತಿದ್ದಿ

ಸಮತೋಲಿತ ಆಹಾರ ಎಂದೊಡನೆ ಓಟ್ಸ್, ಕಿವಿ ಹಣ್ಣು, ಆಲಿವ್ ಎಣ್ಣೆಗೆ ಹಣ ಹೊಂದಿಸುವವರಿದ್ದಾರೆ. ಮುದ್ದೆ-ಬಸ್ಸಾರು, ಜೋಳದ ರೊಟ್ಟಿ-ಮಡಕಿಕಾಳು ಪಲ್ಯ ಉಣ್ಣುವವರು ಅಡುಗೆಯನ್ನೇ ಬದಲಿಸಬೇಕಿಲ್ಲ. ತಪ್ಪಿರುವುದು ಅಳತೆ. ಅದು ತಪ್ಪುವುದು ತಟ್ಟೆಯಲ್ಲಲ್ಲ, ದಿನಸಿ ಅಂಗಡಿಯಲ್ಲೇ.

ಮೊದಲು ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಆಹಾರ ಮಾರ್ಗಸೂಚಿ ಹೊರತಂದಿತು. ಅದರಂತೆ ದಿನಕ್ಕೆ 2,000 ಕ್ಯಾಲೊರಿ ಬೇಕಾದವರಿಗೆ ಧಾನ್ಯ ಸುಮಾರು 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು-ಮೊಸರು 300 ಮಿ.ಲೀ. ಬೇಕು. ನಾಲ್ವರು ದೊಡ್ಡವರಿರುವ ಮನೆಗೆ ಗುಣಿಸಿ: ತಿಂಗಳಿಗೆ ಅಕ್ಕಿ, ರಾಗಿ, ಗೋಧಿ, ರವೆ ಎಲ್ಲ ಸೇರಿ 30 ಕೆ.ಜಿ., ಬೇಳೆಕಾಳು 10 ಕೆ.ಜಿ. ಅಂದರೆ ಮೂರು ಪಾಲಿಗೆ ಒಂದು ಪಾಲು. ಈಗ ಹೋದ ತಿಂಗಳ ಚೀಟಿ ತೆಗೆಯಿರಿ. ಅಕ್ಕಿ ಒಂದು ಮೂಟೆ, ತೊಗರಿಬೇಳೆ ಎರಡು ಕೆ.ಜಿ. ಎಂದಿದ್ದರೆ ಕೊರತೆ ಎಲ್ಲಿದೆ ಎಂದು ಬೇರೆ ಯಾರೂ ಹೇಳಬೇಕಿಲ್ಲ.

ಬೇಳೆಕಾಳು ಏರಿಸಿ

ತಿಳಿಸಾರಿನ ರುಚಿಯ ಬಗ್ಗೆ ನನ್ನ ತಕರಾರಿಲ್ಲ. ಅದರಲ್ಲಿ ಬೇಳೆ ಎಲ್ಲಿ ಎಂಬುದಷ್ಟೇ ಪ್ರಶ್ನೆ. ಅನ್ನದ ಜೊತೆ ಅದೊಂದೇ ಆದರೆ ಪ್ರೋಟೀನ್ ಸಾಲದು. ತೊಗರಿಯ ಬೆಲೆ ಏರಿದಾಗ ಹುರುಳಿ, ಅಲಸಂದೆ, ಹೆಸರುಕಾಳು, ಕಡಲೆಕಾಳು ತನ್ನಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ. ಅರ್ಧ ಉಸಲಿಗೆ, ಅರ್ಧ ಹುಳಿಗೆ. ಉಪ್ಪಿಟ್ಟಿಗೆ ರವೆ ಒಂದು ಹಿಡಿ ಇಳಿಸಿ, ಅವರೆಕಾಳು, ಬೀನ್ಸ್ ಏರಿಸಿ. ಮೊಟ್ಟೆ, ಮೀನು ತಿನ್ನುವವರಿಗೆ ಈ ಕೊರತೆ ತುಂಬಿಕೊಳ್ಳುವುದು ಇನ್ನೂ ಸುಲಭ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಹಾಗೆಯೇ ಧಾನ್ಯದಲ್ಲಿ ಒಂದು ಹೊತ್ತಿನ ಅಕ್ಕಿಯ ಜಾಗಕ್ಕೆ ರಾಗಿಯನ್ನೋ ಜೋಳವನ್ನೋ ತನ್ನಿ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿ ಇದರ ಹತ್ತಿರಕ್ಕೂ ಬರುವುದಿಲ್ಲ.

ಸೊಪ್ಪಿಗೆ ಬೇರೆ ಚೀಲ

ನಾಲ್ವರಿಗೆ ದಿನಕ್ಕೆ 1.6 ಕೆ.ಜಿ. ತರಕಾರಿ ಎಂದರೆ ಯಾರಾದರೂ ಬೆಚ್ಚುತ್ತಾರೆ. ಇದು ಹಸಿ ತೂಕ. ಅದರಲ್ಲಿ ಕಾಲು ಭಾಗ ಸೊಪ್ಪಾದರೆ ಬೆಂದ ಮೇಲೆ ಕುಗ್ಗಿ ಹೋಗುತ್ತದೆ. ಆಲೂಗಡ್ಡೆ ಈ ಲೆಕ್ಕಕ್ಕೆ ಸೇರದು. ದಂಟು, ಮೆಂತ್ಯ, ಸಬ್ಬಸಿಗೆ, ನುಗ್ಗೆಸೊಪ್ಪು, ಬಸಳೆ, ಸಿಕ್ಕಿದ್ದನ್ನು ತನ್ನಿ. ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ: ಅದರ ಸಿ ಜೀವಸತ್ವ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಅದನ್ನು ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ, ಕಷ್ಟ, ಗೊತ್ತು.

ಬಡಿಸುವ ಕ್ರಮ

ಮದುವೆ ಮನೆಯಲ್ಲಿ ಎಲೆಗೆ ಕೋಸಂಬರಿ, ಪಲ್ಯ ಬಿದ್ದ ಮೇಲಷ್ಟೇ ಅನ್ನ ಬರುತ್ತದೆ. ಮನೆಯಲ್ಲಿ ಮಾತ್ರ ಅನ್ನದ ಗುಡ್ಡ ಮೊದಲು, ಪಲ್ಯ ಅಂಚಿಗೆ. ಅರ್ಧ ತಟ್ಟೆಗೆ ತರಕಾರಿ ಬಡಿಸಿಕೊಂಡ ಮೇಲೆ ಅನ್ನದ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ಕೊನೆಗೆ ಉಪ್ಪು

ದಿನಕ್ಕೆ ತಲಾ 5 ಗ್ರಾಂ ಮೀರಬಾರದು. ನಾಲ್ವರ ಮನೆಯಲ್ಲಿ 1 ಕೆ.ಜಿ. ಪೊಟ್ಟಣ ಕಡಿಮೆಯೆಂದರೂ 50 ದಿನ ಬರಬೇಕು. ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್‌ನ ಉಪ್ಪು ಬೇರೆಯೇ ಇರುವುದರಿಂದ ಇನ್ನೂ ಹೆಚ್ಚು ದಿನ ಬಂದರೆ ಒಳ್ಳೆಯದು. ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ.