ಬೆಂಗಳೂರು ತಾರಸಿಯಲ್ಲಿ ಬಣ್ಣದ ಕ್ಯಾಲಾ: ನನ್ನ ಅನುಭವ

ಕ್ಯಾಲಾ ಲಿಲಿ ಅಂದರೆ ಗೆಡ್ಡೆಯಿಂದ ಬರುವ, ಕೊಳವೆಯಂತೆ ಸುತ್ತಿದ ಹೂವಿನ ಗಿಡ. ಅದರ ಗೆಡ್ಡೆ ಮಾರಿದ ನರ್ಸರಿಯವರೇ "ಊಟಿ ಹೂವು ಸಾರ್, ಇಲ್ಲಿ ಆಗಲ್ಲ" ಅಂದಿದ್ದರು. ಈ ಸಲ 12 ಗೆಡ್ಡೆಯಲ್ಲಿ 10 ಹೂಬಿಟ್ಟವು, ಹಳದಿ ಮತ್ತು ಕಡುನೇರಳೆ. ಬಿಳಿಯದಲ್ಲ, ಅದನ್ನು ಯಾರು ಬೇಕಾದರೂ ಬೆಳೆಸಬಹುದು.

ಮೊದಲ ವರ್ಷ ಹತ್ತಕ್ಕೆ ಒಂಬತ್ತು ಹೋದವು. ಒಂದಕ್ಕೆ ₹120ರ ಹತ್ತಿರ, ಲೆಕ್ಕ ನೀವೇ ಹಾಕಿ. ಜೂನ್‌ನಲ್ಲಿ ನೆಟ್ಟಿದ್ದು, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ದಿನಾ ನೀರು. ಮೊಳಕೆ ಇಂಚು ಬಂದು ಬಾಗಿತು. ಎಳೆದರೆ ಕೈಗೇ ಬಂತು, ಬುಡ ಗಂಜಿ, ಮೂಗು ಮುಚ್ಚುವ ವಾಸನೆ. ಶಿಲೀಂಧ್ರನಾಶಕ ಸುರಿದಿದ್ದೂ ದಂಡ, ಇದು ಬ್ಯಾಕ್ಟೀರಿಯಾ ಕೊಳೆ. ಕೆರೆದು ಉಳಿಸಲು ಹೋಗಬೇಡಿ, ಮಣ್ಣಿನ ಸಮೇತ ಎಸೆಯಿರಿ, ಚಾಕು ಸ್ಪಿರಿಟ್‌ನಲ್ಲಿ ಒರೆಸಿ. ಎರಡನೇ ವರ್ಷ ಯೂರಿಯಾ ಕೈಮೀರಿ ಎಲೆ ಸೊಂಪು, ಹೂ ಮೂರೋ ನಾಲ್ಕೋ.

ಈಗ ನೆಡುವುದು ದಸರಾ ಕಳೆದ ಮೇಲೆ. ಹಿಂಗಾರು ಮಳೆ ಹೊಡೆದರೆ ಕುಂಡ ಶೀಟಿನ ಕೆಳಗೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ದಪ್ಪ ಮರಳು ಎರಡು, ಎರೆಗೊಬ್ಬರ ಒಂದು, ಮೇಲೊಂದು ಹಿಡಿ ಬೇವಿನ ಹಿಂಡಿ. 8 ಇಂಚಿನ ಕುಂಡಕ್ಕೆ ಒಂದೇ ಗೆಡ್ಡೆ, ಎರಡೂವರೆ ಇಂಚು ಆಳ, ಕಣ್ಣು ಮೇಲೆ. ಕಣ್ಣು ಗೊತ್ತಾಗದಿದ್ದರೆ ಅಡ್ಡ ಮಲಗಿಸಿ. ನೆಟ್ಟ ದಿನ ಒಮ್ಮೆ ತೇವ ಮಾಡಿದರೆ ಮುಗಿಯಿತು. ಮೊಳಕೆ ಕಾಣುವ ತನಕ, ಹದಿನೈದಿಪ್ಪತ್ತು ದಿನ, ನೀರಿನ ಮಗ್ ಮುಟ್ಟಬೇಡಿ. ಎಲ್ಲರೂ ಸೋಲುವುದು ಇಲ್ಲೇ. ಬೇರಿಲ್ಲದ ಗೆಡ್ಡೆ ನೀರು ಕುಡಿಯಲ್ಲ, ಕೊಳೆಯುತ್ತೆ. ಎಲೆ ಬಿಚ್ಚಿದ ಮೇಲೆ 0:52:34 (ಸಾರಜನಕವಿಲ್ಲದ, ರಂಜಕ-ಪೊಟ್ಯಾಷ್ ಇರುವ, ನೀರಲ್ಲಿ ಕರಗುವ ಗೊಬ್ಬರ), ಲೀಟರಿಗೆ ಒಂದು ಗ್ರಾಂ, ಹದಿನೈದು ದಿನಕ್ಕೊಮ್ಮೆ. ಹತ್ತೂವರೆ ತನಕ ಬಿಸಿಲು, ಆಮೇಲೆ 50% ನೆರಳು ಕೊಡುವ ಹಸಿರು ನೆಟ್. ಮೊದಲ ಹೂವಿಗೆ ಎಪ್ಪತ್ತು ದಿನ ಹಿಡಿಯಿತು ಅಂತ ನೆನಪು. ಹೂ ಕತ್ತರಿಸಬೇಡಿ, ದಂಟು ತಿರುಚಿ ಬುಡದಿಂದ ಎಳೆಯಿರಿ. ರಸ ಕೆಸುವಿನ ಹಾಗೆಯೇ ಕಡಿಯುತ್ತೆ, ಎರಡೂ ಒಂದೇ ಸಸ್ಯ ಕುಟುಂಬ ತಾನೇ.

ಎರಡು ಗೆಡ್ಡೆಯನ್ನು ದ್ರಾಕ್ಷಿಯವರು ಬಳಸುವ ಜಿಎ (ಜಿಬ್ಬೆರೆಲಿಕ್ ಆಮ್ಲ, ಗಿಡದ ಬೆಳವಣಿಗೆಯ ಹಾರ್ಮೋನು) ದ್ರಾವಣದಲ್ಲಿ, ಲೀಟರಿಗೆ 100 ಮಿಲಿಗ್ರಾಂ, ಹತ್ತು ನಿಮಿಷ ಅದ್ದಿದ್ದೆ. ಬೇರೆಯವು ಎರಡೆರಡು ಹೂ ಕೊಟ್ಟರೆ ಇವು ನಾಲ್ಕೈದು, ಒಂದು ಮಾತ್ರ ಸೊಟ್ಟ. ಇನ್ನೊಂದು ವರ್ಷ ನೋಡಿ ಹೇಳುತ್ತೇನೆ.

ಏಪ್ರಿಲ್‌ನಲ್ಲಿ ಎಲೆ ಹಳದಿಯಾದರೆ ನೀರು ಬಂದ್. ಗೆಡ್ಡೆ ಕಿತ್ತು ವಾರ ನೆರಳಲ್ಲಿ ಒಣಗಿಸಿ, ಒಣ ಕೊಕೊಪೀಟ್‌ನಲ್ಲಿ ಹೂತು, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಮಂಚದ ಕೆಳಗೆ. ಬಿಳಿಯದಕ್ಕೆ ಈ ನಿದ್ದೆ ಬೇಡ. ಸಿಂಟೆಕ್ಸ್ ಸೋರುವ ಜಾಗದಲ್ಲಿ ಬಕೆಟ್ಟಿನೊಳಗೆ ವರ್ಷವಿಡೀ ಕೂತಿದೆ.