ನೆಂಟರೆಲ್ಲ ಹೊರಟ ಮೇಲೆ ನಿಮ್ಮನ್ನು ನೀವು ನೋಡಿಕೊಳ್ಳುವುದು ಹೇಗೆ?

ಮನೆಯಲ್ಲಿ ಸಾವಾದರೆ ಮೊದಲ ಹದಿಮೂರು ದಿನ ಹೇಗೋ ಕಳೆದುಹೋಗುತ್ತವೆ. ನೆಂಟರಿರುತ್ತಾರೆ, ಅಡುಗೆಯವರಿರುತ್ತಾರೆ, ಯಾರಾದರೊಬ್ಬರು ಬಲವಂತ ಮಾಡಿ ಎಲೆ ಮುಂದೆ ಕೂರಿಸುತ್ತಾರೆ. ನಿಜವಾದ ಕಷ್ಟ ಶುರುವಾಗುವುದು ವೈಕುಂಠ ಸಮಾರಾಧನೆ ಮುಗಿದು ಎಲ್ಲರೂ ಬಸ್ಸು ಹತ್ತಿದ ಮೇಲೆ. ಅಪ್ಪ ಹೋದಾಗ ಹದಿನಾಲ್ಕನೇ ದಿನ ನಾನು ಬರೀ ಮೂರು ಲೋಟ ಕಾಫಿಯಲ್ಲಿ ಸಂಜೆ ಮಾಡಿದ್ದೆ, ಹಸಿವಾಗಿದ್ದೇ ಗೊತ್ತಾಗಿರಲಿಲ್ಲ. ಅಂಥ ಹೊತ್ತಲ್ಲಿ ಮನಸ್ಸನ್ನು ಸರಿ ಮಾಡಲು ಹೋದರೆ ಅದು ಇನ್ನೂ ಕದಡುತ್ತದೆ. ಮೊದಲು ಮೈ ನೋಡಿಕೊಳ್ಳಿ.

ಶುರು ಊಟದಿಂದ. ಹಸಿವಿಗೆ ಕಾಯದೆ ಗಡಿಯಾರ ನೋಡಿ ಉಣ್ಣಿ. ಅಡುಗೆ ಮಾಡುವಷ್ಟು ತ್ರಾಣ ಇಲ್ವಾ? ಅರ್ಧ ಲೋಟ ಅಕ್ಕಿ, ಒಂದು ಹಿಡಿ ಹೆಸರುಬೇಳೆ, ನಾಲ್ಕು ಲೋಟ ನೀರು, ಉಪ್ಪು. ಕುಕ್ಕರ್ ನಾಲ್ಕು ಕೂಗು ಕೂಗಿದರೆ ಗಂಜಿ ಆಯಿತು. ಬಿಸಿಬಿಸಿ ಇರುವಾಗಲೇ ಒಂದು ಚಮಚ ತುಪ್ಪ ಬಿಟ್ಟು, ಮಿಡಿ ಉಪ್ಪಿನಕಾಯಿ ಕಚ್ಚಿಕೊಂಡು ನಾಲ್ಕು ಗುಟುಕು ಕುಡಿಯಿರಿ. ‘ಏನಾದ್ರೂ ಬೇಕಿದ್ರೆ ಹೇಳಿ’ ಅಂದುಹೋದ ಪಕ್ಕದ ಮನೆಯವರನ್ನು ಸಂಕೋಚ ಬಿಟ್ಟು ಕೇಳಿ: ‘ಆಂಟಿ, ನಾಳೆ ಮಧ್ಯಾಹ್ನಕ್ಕೆ ಸ್ವಲ್ಪ ಸಾರು ಕೊಡ್ತೀರಾ?’ ಅವರಿಗೂ ಏನು ಮಾಡಬೇಕೆಂದು ತೋಚಿರುವುದಿಲ್ಲ, ಪಾಪ.

ಆಮೇಲೆ ನಿದ್ದೆ. ರಾತ್ರಿ ಎಷ್ಟೇ ಹೊರಳಾಡಿದರೂ ಬೆಳಿಗ್ಗೆ ಏಳುವ ಹೊತ್ತು ಬದಲಾಗದಿರಲಿ. ಎದ್ದವರು ಬಾಗಿಲಿಗೆ ನೀರು ಹಾಕುವ ನೆಪದಲ್ಲಾದರೂ ಹೊರಗೆ ಬನ್ನಿ, ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿಯ ನಿದ್ದೆ ನಿಧಾನವಾಗಿ ಹಳಿಗೆ ಬರುತ್ತದೆ. ಮಧ್ಯಾಹ್ನದ ಮೇಲೆ ಕಾಫಿ ಬಿಡಿ, ಕುಡಿದು ಐದು ಗಂಟೆಯಾದರೂ ಅದರ ಕೆಫೀನ್ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ನಡುರಾತ್ರಿ ಎಚ್ಚರವಾಗಿ ಎದೆ ಡವಡವ ಅಂದರೆ ನಾಲ್ಕು ಎಣಿಸುವಷ್ಟು ಉಸಿರೆಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಐದು ನಿಮಿಷ ಹೀಗೆ ಮಾಡಿದರೆ ಬಡಿತ ತಗ್ಗುತ್ತದೆ.

ಕಾಗದಪತ್ರದ ಕೆಲಸ ದಿನಕ್ಕೆ ಒಂದೇ. ಸಾವಿನ ನೋಂದಣಿಗೆ 21 ದಿನದ ಗಡುವಿದೆ, ಅದನ್ನು ಮೊದಲು ಮುಗಿಸಿ. ಬ್ಯಾಂಕು, ಪಿಂಚಣಿ ಎಲ್ಲ ಒಂದೊಂದಾಗಿ ಆಗುತ್ತವೆ. ಬಟ್ಟೆಬರೆ ತೆಗೆಯಲು ಅವಸರ ಮಾಡಬೇಡಿ, ಯಾರು ಎಷ್ಟೇ ಹೇಳಲಿ. ಅಪ್ಪನ ಕನ್ನಡಕ ಟೀವಿ ಪಕ್ಕದಲ್ಲೇ ಎಂಟು ತಿಂಗಳಿತ್ತು, ಧೂಳು ಒರೆಸಿ ಅಲ್ಲೇ ಇಡುತ್ತಿದ್ದೆ.

ಅಳು ಬಂದರೆ ಅಳಿ. ಗಂಡಸರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ದುಃಖ ಎರಡು ವಾರಕ್ಕೆ ಹೋಗುವಂಥದ್ದಲ್ಲ. ಆದರೆ ವಾರಗಳು ಕಳೆದರೂ ಊಟ ನಿದ್ದೆ ಯಾವುದೂ ಸುಧಾರಿಸದಿದ್ದರೆ ಡಾಕ್ಟರ ಹತ್ತಿರ ಹೋಗಿ. ‘ನಾನೂ ಹೋಗಿಬಿಟ್ಟರೆ ಸಾಕು’ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ, ಮನೆಯಲ್ಲಿ ಯಾರಿಗಾದರೂ ತಕ್ಷಣ ಹೇಳಿ. ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.