ಮುಂಬೈ ಮಳೆಗಾಲದಲ್ಲಿ ನೇರಳೆ ಬೀಜದ ಪುಡಿ ಮಾಡುವುದು ಹೇಗೆ, ತೆಗೆದುಕೊಳ್ಳುವುದು ಹೇಗೆ

ಜೂನ್ ಹೊತ್ತಿಗೆ ದಾದರ್ ಮಾರ್ಕೆಟ್ಟಿನಲ್ಲಿ ನೇರಳೆ ಹಣ್ಣಿನ ಬುಟ್ಟಿಗಳು ಬಂದಿರುತ್ತವೆ. 'ಜಾಂಭೂಳ್' ಅಂದರೆ ಸಾಕು, ತೂಗಿ ಕೊಡುತ್ತಾರೆ. ಸಕ್ಕರೆ ಕಾಯಿಲೆಗೆ ಹಿಂದಿನಿಂದ ಬಳಸುತ್ತ ಬಂದಿರುವುದು ಹೆಚ್ಚಾಗಿ ಇದರ ಬೀಜವನ್ನು. ಇದು ಮಾತ್ರೆಯ ಜಾಗಕ್ಕೆ ಬರುವ ಮದ್ದಲ್ಲ, ಜೊತೆಗೆ ಇಟ್ಟುಕೊಳ್ಳಬಹುದಾದ ಸಣ್ಣ ಸಹಾಯ, ಅಷ್ಟೆ. ವೈದ್ಯರಿಗೆ ತಿಳಿಸಿಯೇ ಶುರು ಮಾಡಿ.

ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಮಾನ್ಯತೆ ಪಡೆದ ಪಾಲ್ಘರ್‌ನ ಬಹಾಡೋಲಿ ನೇರಳೆ ದಪ್ಪ, ತಿರುಳು ಜಾಸ್ತಿ. ಅದು ತಿನ್ನುವುದಕ್ಕೆ. ಪುಡಿಗೆ ಅಗ್ಗದ ಸಣ್ಣ ಹಣ್ಣೇ ಲಾಭ, ತಿರುಳು ಕಮ್ಮಿ, ಬೀಜ ಹೆಚ್ಚು.

ಮುಂಬೈಯಲ್ಲಿ ಕೆಲಸ ಕೆಡುವುದು ಒಣಗಿಸುವಾಗಲೇ. ಹಣ್ಣು ಬರುವ ಹೊತ್ತಿಗೆ ಮಳೆಯೂ ಬಂದಿರುತ್ತದೆ, ಬಿಸಿಲಿನ ಭರವಸೆ ಇಲ್ಲ. ಬೀಜಗಳನ್ನು ತೂತಿನ ಪಾತ್ರೆಗೆ ಹಾಕಿ, ನಲ್ಲಿ ನೀರಿನ ಕೆಳಗೆ ಅಂಗೈಯಿಂದ ಉಜ್ಜಿ. ನೀರು ನೇರಳೆ ಬಣ್ಣ ಬಿಡುವುದು ನಿಲ್ಲಬೇಕು, ಬೀಜ ಮುಟ್ಟಿದರೆ ಜಾರಬಾರದು. ಅಂಟಿ ಉಳಿದ ತಿರುಳಿನಲ್ಲಿ ಸಕ್ಕರೆ ಇರುತ್ತದೆ, ಬೂಷ್ಟು ಮೊದಲು ಹಿಡಿಯುವುದು ಅಲ್ಲೇ. ಬಟ್ಟೆಯಲ್ಲಿ ಒರೆಸಿ, ಸ್ಟೀಲ್ ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಫ್ಯಾನಿನ ಕೆಳಗಿಡಿ. ಪೇಪರ್ ಮೇಲೆ ಬೇಡ, ಅಚ್ಚಿನ ಮಸಿ ಹತ್ತುತ್ತದೆ.

ಎರಡು ಮೂರು ದಿನಕ್ಕೆ ಹೊರಸಿಪ್ಪೆ ಸುಕ್ಕುಗಟ್ಟಿ ಬಿರಿಯುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಕಳಚಿ, ಒಳಗೆ ಹಸಿರು ಛಾಯೆಯ ಗಟ್ಟಿ ಬೇಳೆ ಕಾಣುತ್ತದೆ. ಅದನ್ನು ಎರಡು ಮೂರು ಚೂರು ಮಾಡಿ. ಇಡೀ ಬೀಜ ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ಬಹಳ ಮಂದಿ ಮೋಸಹೋಗುವುದು ಇಲ್ಲಿ. ಚೂರುಗಳನ್ನು ಓವನ್‌ನಲ್ಲಿ 60 ಡಿಗ್ರಿಗೆ ಇಟ್ಟು, ಬಾಗಿಲು ಬೆರಳಷ್ಟು ತೆರೆದಿಡಿ. ಐದಾರು ಗಂಟೆಯಾದ ಮೇಲೆ ತೆಗೆದು ನೋಡಿ: ಮುರಿದರೆ 'ಟಕ್' ಅನ್ನಬೇಕು, ಉಗುರು ಊರಬಾರದು. ಊರಿದರೆ ಇನ್ನೂ ಬಿಡಿ. ಓವನ್ ಇಲ್ಲದವರು ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಬಿಸಿಲಿಗೆ ಹಾಕಿ, ಉಳಿದ ಹೊತ್ತು ಫ್ಯಾನ್ ಕೆಳಗಿಡಿ. ಬಾಣಲೆಯಲ್ಲಿ ಹುರಿಯಬೇಡಿ, ಸೀದುಹೋಗುತ್ತದೆ.

ಪುಡಿ ಮಾಡುವ ಮೊದಲು ಕುಟ್ಟಾಣಿಯಲ್ಲಿ ಜಜ್ಜಿ, ಇಲ್ಲದಿದ್ದರೆ ಮಿಕ್ಸಿಯ ಬ್ಲೇಡಿಗೆ ಪೆಟ್ಟು. ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಜಾರು ಬಿಸಿಯಾಗದಿರಲಿ. ಮೈದಾ ಜರಡಿಯಲ್ಲಿ ಸೋಸಿ. ತಿಂಗಳಿಗೆ ಬೇಕಾದಷ್ಟೇ ಪುಡಿ ಮಾಡಿ ಗಾಜಿನ ಬಾಟಲಿಗೆ ತುಂಬಿ, ಉಳಿದದ್ದು ಚೂರುಗಳಾಗಿಯೇ ಇರಲಿ. ಗಂಟುಕಟ್ಟಿದರೆ, ಮುಗ್ಗಲು ವಾಸನೆ ಬಂದರೆ, ಬಿಳಿ ಹಸಿರು ಎಳೆ ಕಂಡರೆ ಪೂರ್ತಿ ಚೆಲ್ಲಿ. ಬೂಷ್ಟಿನ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ.

ಇಷ್ಟು ಪಾಡು ಬೇಡ ಎನ್ನುವವರು ಗ್ರಂಧಿಗೆ ಅಂಗಡಿಯಲ್ಲಿ ಒಣಬೀಜ ಕೊಂಡು ಮನೆಯಲ್ಲೇ ಪುಡಿ ಮಾಡಿಕೊಳ್ಳಿ. ಬೀಜವಾದರೆ ಹುಳು, ಬೂಷ್ಟು ಕಣ್ಣಿಗೆ ಕಾಣುತ್ತದೆ. ಬಾಟಲಿ ನೇರಳೆ ರಸ ಕೊಳ್ಳುವಾಗ ಸಕ್ಕರೆ ಸೇರಿಸಿದ್ದಾರಾ, ಲೇಬಲ್ ಓದಿ. 'ಶುಗರ್ ಪೂರ್ತಿ ವಾಸಿ' ಎನ್ನುವ ಹೆಸರಿಲ್ಲದ ಚೂರ್ಣಗಳನ್ನು ಮುಟ್ಟಲೇಬೇಡಿ, ಇಂಥವುಗಳಲ್ಲಿ ಇಂಗ್ಲಿಷ್ ಮಾತ್ರೆ ಬೆರೆಸಿದ್ದು ಪತ್ತೆಯಾದದ್ದುಂಟು.

ಆಯುರ್ವೇದದಲ್ಲಿ ಹೇಳುವ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ಆದರೆ ಮೊದಲ ವಾರ 1 ಗ್ರಾಂ ಸಾಕು, ಊಟಕ್ಕೆ ಸ್ವಲ್ಪ ಮುಂಚೆ. ಹೊಟ್ಟೆಗೆ ಒಗ್ಗಿದರೆ ನಿಧಾನಕ್ಕೆ 3 ಗ್ರಾಂವರೆಗೆ ಏರಿಸಿ. ಅದಕ್ಕಿಂತ ಹೆಚ್ಚು ವೈದ್ಯರು ಹೇಳಿದರೆ ಮಾತ್ರ. ಚಮಚದ ಲೆಕ್ಕ ನಂಬಬೇಡಿ, ತಲೆಗಟ್ಟಿದ ಚಮಚಕ್ಕೂ ಮಟ್ಟದ ಚಮಚಕ್ಕೂ ಬಹಳ ವ್ಯತ್ಯಾಸ. ಸಣ್ಣ ಡಿಜಿಟಲ್ ತಕ್ಕಡಿ ಇರಲಿ. ಪುಡಿ ಕರಗುವುದಿಲ್ಲ, ತಳಕ್ಕಿಳಿಯುತ್ತದೆ. ಉಗುರುಬೆಚ್ಚಗಿನ ನೀರಿಗೋ ತೆಳು ಮಜ್ಜಿಗೆಗೋ ಹಾಕಿ ಕದಡುತ್ತಲೇ ಕುಡಿಯಿರಿ. ಬಾಯಿ ಒಗರಾಯಿತೆಂದು ಜೇನು, ಬೆಲ್ಲ ಬೇಡ. ಆ ಒಗರಿನಿಂದಲೇ ಕೆಲವರಿಗೆ ಮಲಬದ್ಧತೆ ಬರುತ್ತದೆ, ಆಗ ಪ್ರಮಾಣ ಇಳಿಸಿ. ಕಬ್ಬಿಣದ ಮಾತ್ರೆ ನುಂಗುವವರು ಎರಡು ಗಂಟೆ ಅಂತರ ಕೊಡಿ.

ಗ್ಲಿಮೆಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯುವ ಅಪಾಯ ಹೆಚ್ಚು. ಕೈ ನಡುಗಿ, ಬೆವರಿ, ಮಂಕು ಕವಿದರೆ ಗ್ಲೂಕೋಮೀಟರ್ ಹಿಡಿಯಿರಿ. 70 ಮಿ.ಗ್ರಾಂ/ಡೆ.ಲೀ.ಗಿಂತ ಕಮ್ಮಿ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬಸುರಿಯರು, ಬಾಣಂತಿಯರು, ಮಕ್ಕಳಿಗೆ ಈ ಪುಡಿ ಬೇಡ. ಮೂತ್ರಪಿಂಡದ ತೊಂದರೆ ಇದ್ದವರು, ಆಪರೇಷನ್‌ಗೆ ದಿನ ಗೊತ್ತಾದವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಶುರು ಮಾಡುವ ಮೊದಲೇ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆಯನ್ನೂ ಊಟವಾಗಿ ಎರಡು ಗಂಟೆಯ ಸಕ್ಕರೆಯನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಊಟ, ನಡಿಗೆ, ಮಾತ್ರೆ ಎಂದಿನಂತಿರಲಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೂರು ತಿಂಗಳಿಗೆ ಮತ್ತೆ ಎಚ್‌ಬಿಎ1ಸಿ ನೋಡಿ. ಇಳಿದಿದ್ದರೆ ನೋಟ್‌ಬುಕ್ ವೈದ್ಯರಿಗೆ ತೋರಿಸಿ, ಮಾತ್ರೆ ಕಡಿಮೆ ಮಾಡುವ ಮಾತು ಅವರದೇ. ಇಳಿದಿರದಿದ್ದರೆ ಪುಡಿ ನಿಲ್ಲಿಸಿ.